ಕಪ್ಪು ಕಾರಿನ ಬಿಳಿ ಮಬ್ಬು

ಉಸ್ಮಾನ್ ನಮ್ಮ ಶಂಕರಿ ಟೀಚರನ್ನು ಹುಡುಕಿಕೊಂಡು ನರಿಕೊಂಬಿಗೆ ಬಂದದ್ದು ಒಂದು ಶುಕ್ರವಾರ, ಜುಮಾ ನಮಾಜು ಮುಗಿಸಿ. 2007ರ ಏಪ್ರಿಲ್ ತಿಂಗಳು. ನೇತ್ರಾವತಿಯಲ್ಲಿ ನೀರಿಗಿಂತ ಬಂಡೆಗಳೇ ಹೆಚ್ಚು ಕಾಣುತ್ತಿದ್ದ ಸಮಯ.

ನಾನು ಜಗಲಿಯಲ್ಲಿ ಕುಳಿತು ಮಜ್ಜಿಗೆ ಕುಡಿಯುತ್ತಿದ್ದೆ. ಟೀಚರ್ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಷ್ಟು ವರ್ಷವೂ ಅವರನ್ನು ಕರೆದೊಯ್ದದ್ದು ನನ್ನ ರಿಕ್ಷಾ. ಅವರು ನಿವೃತ್ತರಾದ ಮೇಲೆ ಬೇರೆ ಕೆಲಸ ಶುರುವಾಯಿತು. ಕಳವಾದ ಪಂಪು, ವಿಷ ಬಿದ್ದ ಬಾವಿ, ಯಾರು ಬರೆದರೆಂದು ತಿಳಿಯದ ಅರ್ಜಿ, ಹೀಗೆ ಊರಿನ ಬಿಡಿಸಲಾಗದ ಗಂಟುಗಳು ಅವರ ಜಗಲಿಗೆ ಬರತೊಡಗಿದವು. ಅವುಗಳ ಹಿಂದೆ ಓಡಾಡಿದ್ದೂ ಅದೇ ರಿಕ್ಷಾ.

ಉಸ್ಮಾನ್ ಕುರ್ಚಿಯಲ್ಲಿ ಕುಳಿತಾಗ ಅವನ ಬಿಳಿ ಅಂಗಿ ಹೊಸ ಕಾಗದ ಮಡಚಿದ ಹಾಗೆ ಸದ್ದು ಮಾಡಿತು. ಮುಖ ಮಾತ್ರ ಬಾಡಿತ್ತು.

"ಟೀಚರ್, ನನ್ನ ಅಂಗಡಿಯೂ ಹೋಗ್ತದೆ, ಮನೆಯೂ ಹೋಗ್ತದೆ," ಎಂದ.

"ಮೊದಲು ಅಂಗಡಿಯದ್ದು ಹೇಳು. ಮನೆಯದ್ದು ತಾನಾಗಿ ಬರ್ತದೆ," ಎಂದರು ಟೀಚರ್.

ಅವನು ದುಬೈಯಲ್ಲಿ ಕಾರಿನ ಶೋರೂಮಿನಲ್ಲಿ ದುಡಿದವನು. ಊರಿಗೆ ಬಂದು ಬಿ.ಸಿ.ರೋಡಿನಲ್ಲಿ ಕಾರು ತೊಳೆಯುವ ಅಂಗಡಿ ಇಟ್ಟಿದ್ದ. ಪೈಪಿಲ್ಲ, ಪಂಪಿಲ್ಲ. ಒಂದು ಬಕೆಟ್ ನೀರಿಗೆ ದುಬೈಯಿಂದ ತರಿಸಿದ ತೊಳೆಯುವ ಮದ್ದನ್ನು ಅಳೆದು ಹಾಕುವುದು, ಮೆತ್ತನೆಯ ಟವೆಲು ಅದ್ದಿ ಒರಸುವುದು, ಇನ್ನೊಂದು ಟವೆಲಿನಲ್ಲಿ ಒಣಗಿಸುವುದು. ಮೇಲೆ ನೀರು ಬಿಟ್ಟು ಜಾಲಿಸುವ ಕೆಲಸವೇ ಇಲ್ಲ. ನಳ್ಳಿಯಲ್ಲಿ ನೀರು ಬಾರದ ಬೇಸಿಗೆಯಲ್ಲಿ ಜನ ಸಾಲಾಗಿ ಬಂದರು. ಆದರೆ ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ನೀರು ಬಿಡದಿದ್ದರೆ ಮದ್ದು ಬಣ್ಣದ ಮೇಲೆಯೇ ಉಳಿಯುವುದಿಲ್ಲವೇ?

"ಉಳಿಯುವುದಿಲ್ಲ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿತು ಟೀಚರ್. ಈಗ ವಕೀಲ ಕೇಶವಪ್ರಸಾದರ ಕಪ್ಪು ಕಾರಿನ ಮೇಲೆ ಬಿಳಿ ಮಬ್ಬು ಬಂದು ಕೂತಿದೆ. ಅಂಗಡಿಯ ಜಾಗ ಅವರದ್ದೇ. ತಿಂಗಳ ಕೊನೆಗೆ ಖಾಲಿ ಮಾಡು ಅಂದಿದ್ದಾರೆ."

"ಮಬ್ಬು ಯಾವಾಗೆಲ್ಲ ಬರ್ತದೆ?"

"ಶನಿವಾರ ಬೆಳಿಗ್ಗೆ. ಅವರದ್ದು ಯಾವಾಗಲೂ ಶನಿವಾರದ ಮೊದಲ ಕಾರು. ಬೇರೆ ದಿನ ಒಬ್ಬರೂ ದೂರು ಹೇಳಿದ್ದಿಲ್ಲ."

"ಶುಕ್ರವಾರ?"

"ಅಂಗಡಿಗೆ ಬೀಗ. ಅದಕ್ಕೇ ನನಗೆ ರುಕ್ಮಯ್ಯನ ಮೇಲೆ ಸಂಶಯ. ಪಕ್ಕದಲ್ಲೇ ಅವನ ಸರ್ವಿಸ್ ಸ್ಟೇಷನ್. ನಾನು ಬಂದ ಮೇಲೆ ಅವನ ಪಂಪಿಗೆ ಕೆಲಸ ಕಡಿಮೆ. ಶುಕ್ರವಾರ ನನ್ನ ಅಂಗಡಿಯ ಹಿಂದೆ ಅವನು ಸುಳಿದಾಡಿದ್ದನ್ನು ನೋಡಿದವರಿದ್ದಾರೆ. ಮೊದಲು ಮಾತ್ರ…" ಅವನು ತಡೆದ. "ಮೊದಲು ನಾನು ನಿಝಾರನ ಮೇಲೆ ಹಾಕಿದೆ."

ಮನೆಯ ಮಾತು ಅಲ್ಲಿಗೆ ಬಂತು. ನಿಝಾರ್ ಅವನ ಹೆಂಡತಿ ಫಾಹಿಮಾಳ ತಮ್ಮ, ಅಂಗಡಿಯಲ್ಲಿ ಜೊತೆಗಾರ. ಶನಿವಾರ ಬೆಳಿಗ್ಗೆ ಬಕೆಟಿನ ನೀರು ಯಾಕೋ ಕದಡಿದ ಹಾಗೆ ಆಗುತ್ತದೆ ಎಂದು ಅವನೇ ಒಮ್ಮೆ ಹೇಳಿದ್ದನಂತೆ. ಮಬ್ಬು ಕಂಡ ದಿನ ಉಸ್ಮಾನನಿಗೆ ಅದು ನೆನಪಾಯಿತು. ಮದ್ದು ಉಳಿಸಲು ಸೋಪಿನ ಪುಡಿ ಬೆರೆಸಿ ಮದ್ದನ್ನು ಕದ್ದು ಮಾರುತ್ತಿದ್ದೀ ಎಂದು ಗಿರಾಕಿಗಳ ಎದುರೇ ಬೈದ. ನಿಝಾರ್ ಕೈಯಲ್ಲಿದ್ದ ಟವೆಲನ್ನು ಹಗ್ಗಕ್ಕೆ ಹಾಕಿ ಮೂಡುಬಿದಿರೆಯ ತನ್ನ ಮನೆಗೆ ಹೋದ. ನಾಲ್ಕು ತಿಂಗಳ ಬಸುರಿ ಫಾಹಿಮಾಳೂ ಅವನ ಹಿಂದೆ ಹೋದಳು. ತಮ್ಮನನ್ನು ಕಳ್ಳ ಎಂದ ಬಾಯಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳದೆ ತಾನು ಬರುವುದಿಲ್ಲ ಎಂದಳು.

"ನಿಝಾರ್ ಹೋದ ಮೇಲೆ ಮಬ್ಬು ನಿಂತಿತಾ?"

"ಇಲ್ಲ. ಹೋಗುವಾಗ ಮದ್ದಿನ ಕ್ಯಾನಿಗೆ ಏನೋ ಸುರಿದು ಹೋಗಿದ್ದಾನೆ ಅಂದುಕೊಂಡೆ. ಅದನ್ನೂ ಫೋನಿನಲ್ಲಿ ಹೇಳಿದೆ."

"ಚೆಂದ ಆಯಿತು," ಎಂದರು ಟೀಚರ್. "ಕ್ಯಾನಿಗೆ ಸುರಿದದ್ದು ಶನಿವಾರ ಮಾತ್ರ ಎದ್ದು ಕೂತ್ಕೊಳ್ತದಾ ಮಾರಾಯ?"

ಉಸ್ಮಾನ್ ನೆಲ ನೋಡಿದ.

"ಫಾಹಿಮಾಳ ಆರೋಗ್ಯ ಹೇಗಿತ್ತು, ಹೋಗುವ ಮೊದಲು?"

"ಮೊದಲಿನಿಂದಲೂ ಕಷ್ಟವೇ ಟೀಚರ್. ಸಾಬೂನಿನ ವಾಸನೆ ಬಂದರೂ ವಾಂತಿ."

"ಮಬ್ಬು ಶುರುವಾದದ್ದೂ ಆ ಹೊತ್ತಿಗೇ?"

"ಅಂದಾಜು ಆಗಲೇ. ಅದಕ್ಕೂ ಇದಕ್ಕೂ ಎಂತ ಸಂಬಂಧ?"

"ನಾಳೆ ಬೆಳಿಗ್ಗೆ ನಿನ್ನ ಅಂಗಡಿಗೆ ಬರ್ತೇವೆ," ಎಂದು ಟೀಚರ್ ಎದ್ದರು.

ಮರುದಿನ ನಾವು ಹೋದಾಗ ಉಸ್ಮಾನ್ ಶಟರ್ ಎತ್ತುತ್ತಿದ್ದ. ಟೀಚರ್ ಬೀಗ ನೋಡಿದರು, ಹಿಂದಿನ ಗೋಡೆ ನೋಡಿದರು, ಮದ್ದಿನ ಕ್ಯಾನಿನ ಮುಚ್ಚಳ ತೆಗೆದು ಮೂಸಿದರು. ಹಿಂದಿನ ಗೋಡೆಯ ಹತ್ತಿರ ಬೀಡಿಯ ತುಂಡುಗಳು ಬಿದ್ದಿದ್ದವು. ಒಳಗೆ ನುಗ್ಗುವ ದಾರಿ ಎಲ್ಲೂ ಇರಲಿಲ್ಲ.

ಪಕ್ಕದಿಂದ ರುಕ್ಮಯ್ಯ ಕೂಗಿದ. "ಎಂತ ಟೀಚರೇ, ನೀರಿಲ್ಲದೆ ಮೀಯಿಸುವವನಿಗೆ ಪಾಠ ಹೇಳ್ಲಿಕ್ಕೆ ಬಂದದ್ದಾ?"

"ನಿನ್ನ ಬೀಡಿ ಎಲ್ಲಿ ಸೇದ್ತೀ ಅಂತ ನೋಡ್ಲಿಕ್ಕೆ ಬಂದದ್ದು."

"ಅಲ್ಲಿಯೇ, ಅವನ ಅಂಗಡಿಯ ಹಿಂದೆ. ಶುಕ್ರವಾರ ಆ ನೆರಳು ಖಾಲಿ ಇರ್ತದೆ. ಮನೆಯವಳಿಗೆ ಹೇಳ್ಬೇಡಿ ಮಾತ್ರ, ಬಿಟ್ಟಿದ್ದೇನೆ ಅಂತ ಹೇಳಿಟ್ಟಿದ್ದೇನೆ."

ಉಸ್ಮಾನ್ ಮನೆಯಿಂದ ತಂದ ಚೀಲದಿಂದ ಟವೆಲುಗಳನ್ನು ತೆಗೆದಿಟ್ಟ. ಶಾಲೆಯ ಪುಸ್ತಕ ಜೋಡಿಸಿದ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಚಿದ್ದವು. ವಾರದ ಬೇರೆ ದಿನ ಟವೆಲುಗಳನ್ನು ಅಂಗಡಿಯಲ್ಲೇ ಹಿಂಡಿ ಒಣಗಿಸುತ್ತಾನಂತೆ; ಗುರುವಾರ ಸಂಜೆ ಮಾತ್ರ ಎಲ್ಲವೂ ಮನೆಗೆ ಹೋಗಿ, ಒಗೆದು ಶನಿವಾರ ಬರುತ್ತವೆ. ಟೀಚರ್ ಮೇಲಿನ ಒಂದು ಟವೆಲನ್ನು ಕೇಳಿ ತಮ್ಮ ಚೀಲಕ್ಕೆ ಹಾಕಿಕೊಂಡರು.

ಅಷ್ಟರಲ್ಲಿ ಕೇಶವಪ್ರಸಾದರ ಕಾರು ಬಂತು. ಉಸ್ಮಾನ್ ನಮ್ಮ ಎದುರೇ ಹೊಸ ನೀರಿಗೆ ಅಳೆದು ಮದ್ದು ಹಾಕಿದ. ನೀರು ತಿಳಿಯಾಗಿತ್ತು. ಟವೆಲುಗಳನ್ನು ಅದ್ದಿದ ಸ್ವಲ್ಪ ಹೊತ್ತಿಗೆ, ಕಾರಿಗೆ ಕೈ ಹಚ್ಚುವ ಮೊದಲೇ, ಬಕೆಟಿನ ನೀರು ಮಸುಕಾಯಿತು. ಅವನು ಚೊಕ್ಕವಾಗಿ ಒರಸಿದ, ಒಣಗಿಸಿದ. ಕಾರು ಬಿಸಿಲಿಗೆ ಬಂದಾಗ ಬಾನೆಟ್ಟಿನ ಮೇಲೆ ಅರ್ಧಚಂದ್ರದ ಗೆರೆಗಳು ಮೇಲೆದ್ದವು, ಕೈ ಓಡಿದ ದಾರಿಯಲ್ಲೇ.

"ನೋಡಿ ಟೀಚರೇ!" ಎಂದರು ಕೇಶವಪ್ರಸಾದರು. "ಇದು ಕಾರಾ, ಸುಣ್ಣ ಬಳಿದ ಗೋಡೆಯಾ? ಪ್ರತಿ ಸಲ ನಮ್ಮ ಮನೆಯಲ್ಲಿ ಎರಡು ಸಲ ನೀರು ಹಾಕಿ ಉಜ್ಜಬೇಕು. ಮತ್ತೆ ಇವನಿಗೆ ಯಾಕೆ ತೊಳೆಯಲಿಕ್ಕೆ ಕೊಡುವುದು?"

"ಈ ಸಲ ಉಜ್ಜಬೇಡಿ. ನಾಳೆ ಸಂಜೆಯ ತನಕ ಹೀಗೆಯೇ ಇರಲಿ."

"ಇದರಲ್ಲಿ ನಾನು ಕೋರ್ಟಿಗೆ ಹೋಗುವುದಾ? ಜನ ನಗ್ತಾರೆ."

"ನಗಲಿ. ನಾಳೆಯಿಂದ ನಗುವುದಿಲ್ಲ."

ಎರಡನೆಯದಾಗಿ ಬಂದದ್ದು ಬೆಳ್ತಂಗಡಿಯ ಒಬ್ಬರ ಬಿಳಿ ಕಾರು. ಅದೇ ಟವೆಲು, ಅದೇ ಕೈ. ಅವರು ಸಂತೋಷದಿಂದ ಹೋದರು. ಟೀಚರ್ ಆ ಬಿಳಿ ಬಣ್ಣವನ್ನು ತುಂಬ ಹೊತ್ತು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಬಂದ ಕಡು ನೀಲಿ ಕಾರು ಒಂದು ಗೆರೆಯೂ ಇಲ್ಲದೆ ಹೊಳೆಯಿತು.

ಭಾನುವಾರ ಬೆಳಿಗ್ಗೆ ಟೀಚರಿಗೆ ಬಂಟ್ವಾಳ ಪೇಟೆಯಲ್ಲಿರುವ ಕೇಶವಪ್ರಸಾದರ ಮನೆಗೆ ಹೋಗಬೇಕಿತ್ತು. ನಾವು ಅಂಗಳಕ್ಕೆ ತಿರುಗಿದಾಗ ಒಂದು ಕರು ಕಾರಿನ ಬಾಗಿಲನ್ನು ನೆಕ್ಕುತ್ತಿತ್ತು. ನೆಕ್ಕಿದಷ್ಟು ಜಾಗ ಕಪ್ಪಾಗಿ ಮಿಂಚುತ್ತಿತ್ತು.

"ಹೇಯ್, ಹಚಾ!" ಎಂದು ಕೇಶವಪ್ರಸಾದರು ಓಡಿ ಬಂದರು. "ದುಬೈ ವಿಷ ತಿಂದು ಕರು ಸತ್ತರೆ ಯಾರು ಜವಾಬ್ದಾರಿ?"

"ಸಾಯುವ ಹಾಗೆ ಕಾಣುವುದಿಲ್ಲ," ಎಂದೆ ನಾನು. "ಊಟದ ಬಾಣಲೆ ನೆಕ್ಕುವ ಹಾಗೆ ನೆಕ್ಕುತ್ತಾ ಉಂಟು."

ಟೀಚರ್ ತಿರುಗಿ ನನ್ನ ಮುಖ ನೋಡಿದರು. ಆಮೇಲೆ ಕೇಶವಪ್ರಸಾದರನ್ನು ಕೇಳಿದರು, "ಕರುವಿಗೆ ಎಂತ ಕೊಡ್ತೀರಿ?"

"ಎಂತ ಕೊಡುವುದು? ಹುಲ್ಲು, ಹಿಂಡಿ, ಅಕ್ಕಿ ತೊಳೆದ ಅಕ್ಕಚ್ಚು."

ಟೀಚರ್ ಅಷ್ಟಕ್ಕೇ ರಿಕ್ಷಾ ಹತ್ತಿದರು. ದಾರಿಯಲ್ಲಿ ಔಷಧದ ಅಂಗಡಿ ಕಂಡಾಗ ರಿಕ್ಷಾ ನಿಲ್ಲಿಸಲು ಹೇಳಿ ಟಿಂಚರ್ ಅಯೋಡಿನಿನ ಸಣ್ಣ ಬಾಟಲಿ ತಂದರು. ಯಾರಿಗೆ ಗಾಯ ಎಂದು ಕೇಳಿದೆ. ಕಾರಿಗೆ ಎಂದರು.

"ಹುಕ್ರಪ್ಪಣ್ಣ, ನೀವೊಮ್ಮೆ ಮೂಡುಬಿದಿರೆಗೆ ಹೋಗಿ ನಿಝಾರನನ್ನು ಕರೆದುಕೊಂಡು ಬನ್ನಿ. ಫಾಹಿಮಾಳನ್ನು ಒತ್ತಾಯ ಮಾಡ್ಬೇಡಿ."

ಸಿದ್ಧಕಟ್ಟೆಯ ದಾರಿಯಲ್ಲಿ ಹೋದೆ. ನಿಝಾರ್ ಬಾಗಿಲಲ್ಲೇ ನಿಂತ, ಒಳಗೆ ಕರೆಯಲಿಲ್ಲ.

"ನಾನು ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಹುಕ್ರಪ್ಪಣ್ಣ. ಅಷ್ಟು ಜನರ ಎದುರು ಹೇಳಿದ್ದಾರೆ."

"ಅಷ್ಟೇ ಜನರ ಎದುರು ಇನ್ನೊಂದು ಮಾತು ಹೇಳ್ಲಿಕ್ಕುಂಟಂತೆ. ಆಗ ನೀನು ಅಲ್ಲಿ ಇರ್ಬೇಕಂತೆ."

"ಟೀಚರಿಗೆ ಎಂತಾದ್ರೂ ಗೊತ್ತಾಯಿತಾ?"

"ನನಗೆ ಹೇಳಿಲ್ಲ. ಟಿಂಚರ್ ತೆಗೆದುಕೊಂಡಿದ್ದಾರೆ."

ಒಳಗಿನಿಂದ ಫಾಹಿಮಾಳ ದನಿ ಬಂತು. "ಹೋಗು ನಿಝಾರ್. ನೀನು ಹೋಗದಿದ್ದರೆ ಹೌದು ಅಂತ ಆಗ್ತದೆ."

ಸಂಜೆ ಉಸ್ಮಾನನ ಅಂಗಡಿಯ ಅಂಗಳದಲ್ಲಿ ಎಲ್ಲರೂ ಸೇರಿದರು. ಕೇಶವಪ್ರಸಾದರು ಕಾರಿನ ಪಕ್ಕ ಕೈಕಟ್ಟಿ ನಿಂತಿದ್ದರು. ರುಕ್ಮಯ್ಯ ತನ್ನ ಗುಜರಿಯಿಂದ ಒಂದು ಹಳೆಯ ಕಪ್ಪು ಬಾನೆಟ್ಟನ್ನು ತಂದು ಬೆಂಚಿನ ಮೇಲೆ ಇಟ್ಟ. ನಿಝಾರ್ ದೂರದಲ್ಲಿ, ನನ್ನ ರಿಕ್ಷಾಕ್ಕೆ ಒರಗಿ ನಿಂತ. ಟೀಚರ ಮಾತಿನಂತೆ ಉಸ್ಮಾನ್ ತನ್ನ ಉಮ್ಮ ಜೈನಬಮ್ಮನನ್ನೂ ಕರೆತಂದಿದ್ದ. ಆಕೆ ಸ್ಟೂಲಿನ ಮೇಲೆ ಕುಳಿತು, ಮಗನ ಅಂಗಡಿಯನ್ನು ಮೊದಲ ಸಲ ಕಣ್ತುಂಬ ನೋಡುತ್ತಿದ್ದರು.

"ಮೊದಲು ಊರಿನ ಪ್ರಶ್ನೆಗೆ ಉತ್ತರ," ಎಂದು ಟೀಚರ್ ಆರಂಭಿಸಿದರು. "ಜಾಲಿಸದಿದ್ದರೆ ಮದ್ದು ಬಣ್ಣದ ಮೇಲೆ ಉಳಿಯುತ್ತದಾ?"

ಉಸ್ಮಾನ್ ಪೊಟ್ಟಣ ಒಡೆದು ಹೊಸ ಟವೆಲುಗಳನ್ನು ತೆಗೆದ. ಬಾನೆಟ್ಟಿನ ಒಂದು ಭಾಗವನ್ನು ಅಳತೆಯ ಮದ್ದಿನಿಂದ ಒರಸಿ ಒಣಗಿಸಿದ. ಪಕ್ಕದ ಭಾಗಕ್ಕೆ ಟೀಚರ್ ಮದ್ದನ್ನು ಬೇಕೆಂದೇ ಮೂರು ಪಾಲು ಹೆಚ್ಚು ಹಾಕಿಸಿದರು. ಮೊದಲಿನದ್ದು ಕನ್ನಡಿಯಂತಾಯಿತು. ಎರಡನೆಯದರಲ್ಲಿ ಎಣ್ಣೆ ಸವರಿದಂಥ ಪಟ್ಟೆಗಳು ಬಂದವು.

"ಮೊದಲಿನದ್ದರ ಮೇಲೆ ಬೆರಳಾಡಿಸಿ ಕೇಶವಪ್ರಸಾದರೇ."

"ಜಾರ್ತದೆ."

"ಅಂದರೆ ಏನೂ ಉಳಿಯುವುದಿಲ್ಲ ಅಂತ ಉಸ್ಮಾನ್ ಹೇಳುವುದು ಪೂರ್ತಿ ಸರಿಯಲ್ಲ. ಕಣ್ಣಿಗೆ ಕಾಣದ ತೆಳು ಪದರ ಉಳಿಯುತ್ತದೆ. ಅದು ಬಣ್ಣಕ್ಕೆ ಕೇಡಲ್ಲ, ಹೊಳಪು ಕೊಡ್ತದೆ. ಅಳತೆ ತಪ್ಪಿದರೆ ಪಟ್ಟೆ ಬರ್ತದೆ, ಅದೂ ಎಣ್ಣೆಯ ಹಾಗೆ, ಒದ್ದೆ ಬಟ್ಟೆಗೆ ಹೋಗುವಂಥದ್ದು. ನಿಮ್ಮ ಕಾರಿನ ಮೇಲಿರುವುದು ಒಣ ಬಿಳಿ ಮಬ್ಬು. ಇದು ಅದಲ್ಲ."

"ಹಾಗಾದರೆ ಸೋಪಿನ ಪುಡಿ?" ಎಂದರು ಕೇಶವಪ್ರಸಾದರು. ನಿಝಾರ್ ತಲೆ ಎತ್ತಿದ.

"ಅದಾದರೆ ದಿನವೂ ಬರಬೇಕು. ನಿಝಾರ್ ಹೋದ ಮೇಲೆ ನಿಲ್ಲಬೇಕು. ನಿಲ್ಲಲಿಲ್ಲ. ಕ್ಯಾನಿಗೆ ಏನಾದರೂ ಸುರಿದಿದ್ದರೆ ಅದೇ ಕ್ಯಾನಿನ ಮದ್ದು ಈಗ ಈ ಬಾನೆಟ್ಟಿನ ಮೇಲೆ ಮಬ್ಬು ತರಬೇಕಿತ್ತು. ತಂದಿಲ್ಲ. ರುಕ್ಮಯ್ಯ ತನ್ನ ಕೊಳವೆಬಾವಿಯ ಗಡಸು ನೀರನ್ನು ಬೆರೆಸಿದ್ದರೆ ಅದರ ಸುಣ್ಣ ಚುಕ್ಕೆ ಚುಕ್ಕೆಯಾಗಿ ಕೂರ್ತದೆ, ಕೈ ಓಡಿದ ಗೆರೆಯಲ್ಲಿ ಅಲ್ಲ. ಅವನು ಅಲ್ಲಿ ಶುಕ್ರವಾರ ಸುಳಿದದ್ದಕ್ಕೆ ಬೇರೆ ಕಾರಣ ಉಂಟು. ಅದನ್ನು ನಾನು ಹೇಳುವುದಿಲ್ಲ."

"ದೇವರು ಒಳ್ಳೆಯದು ಮಾಡ್ಲಿ," ಎಂದ ರುಕ್ಮಯ್ಯ.

ಟೀಚರ್ ಟಿಂಚರಿನ ಬಾಟಲಿ ತೆಗೆದರು. ಕೇಶವಪ್ರಸಾದರು ಕಾರಿಗೆ ಅಡ್ಡ ನಿಂತರು.

"ಅದೆಂತ? ನನ್ನ ಕಾರಿಗೆ ಟಿಂಚರಾ?"

"ಗಾಯ ಮಾಡಿದ್ದಾರೆ ಅಂತ ನೀವೇ ದೂರು ಕೊಟ್ಟದ್ದಲ್ಲವಾ? ಒಂದೇ ಹನಿ. ಅದೂ ಕಾರಿಗಲ್ಲ, ಹತ್ತಿಗೆ."

ಅವರು ಟಿಂಚರಿಗೆ ನೀರು ಬೆರೆಸಿ, ಬಿಳಿ ಹತ್ತಿಯನ್ನು ಬರೀ ನೀರಿನಲ್ಲಿ ಒದ್ದೆ ಮಾಡಿ ಮಬ್ಬಿನ ಗೆರೆಯನ್ನು ಉಜ್ಜಿ ತೆಗೆದರು. ಆ ಹತ್ತಿಗೆ ಟಿಂಚರಿನ ಒಂದು ಹನಿ ಬಿಟ್ಟರು. ಕಂದು ಬಣ್ಣದ ಹನಿ ನಮ್ಮ ಕಣ್ಣೆದುರೇ ನೀಲಿಯಾಗಿ ಕಪ್ಪಾಯಿತು. ಬೆಂಚಿನ ಮೇಲಿನ ಬಾನೆಟ್ಟಿನ ಎರಡು ಭಾಗಗಳನ್ನು ಉಜ್ಜಿದ ಹತ್ತಿಗಳ ಮೇಲೆ ಅದು ಕಂದಾಗಿಯೇ ಉಳಿಯಿತು. ಕೊನೆಗೆ ಶನಿವಾರ ತಂದಿದ್ದ ಟವೆಲನ್ನು ಚೀಲದಿಂದ ತೆಗೆದು ಅದರ ಮೂಲೆಗೆ ಬಿಟ್ಟರು. ಶಾಯಿ ಚೆಲ್ಲಿದ ಹಾಗೆ ಆಯಿತು.

"ಉಸ್ಮಾನ್, ಶಾಲೆಯಲ್ಲಿ ಬಟಾಟೆಯ ತುಂಡಿನ ಮೇಲೆ ನಾನು ಇದನ್ನೇ ತೋರಿಸಿದ್ದೆ. ನೀನು ಹಿಂದಿನ ಬೆಂಚಿನಲ್ಲಿ ಮಾತಾಡುತ್ತಿದ್ದೆ. ಇದು ಪಿಷ್ಟ. ನಾವು ಉಣ್ಣುವ ಗಂಜಿ."

ಟೀಚರ್ ಆ ಟವೆಲನ್ನು ಮಡಚಿ ಜೈನಬಮ್ಮನ ಹತ್ತಿರ ಹೋದರು.

"ಜೈನಬಮ್ಮ, ಇಷ್ಟು ಚೆಂದ ಮಡಚಿದ್ದು ಯಾರು?"

ಜೈನಬಮ್ಮನ ಮುಖ ಅರಳಿತು. "ನಾನೇ ಟೀಚರೇ. ಸೊಸೆಗೆ ಸಾಬೂನು ಮೂಸಿದರೆ ಆಗ್ತಿರಲಿಲ್ಲ. ಪಾಪ ಅಂತ ನಾನೇ ಒಗೆಯಲು ಶುರು ಮಾಡಿದೆ. ಇವನಿಗೆ ಹೇಳ್ಲಿಕ್ಕೆ ಹೋಗಲಿಲ್ಲ, ಅವಳು ಕೆಲಸ ಮಾಡುವುದಿಲ್ಲ ಅಂತ ಆಗಬಾರದಲ್ಲ. ಈ ಟವೆಲು ದುಬೈಯ ಬೈರಾಸು ಅಂತಾನೆ, ಒಗೆದರೆ ಸತ್ತ ಕೋಳಿಯ ಹಾಗೆ ಮುದ್ದೆಯಾಗಿ ಬೀಳ್ತದೆ. ಅಂಗಡಿಗೆ ಹೋಗುವ ಬಟ್ಟೆ, ಹತ್ತು ಜನ ನೋಡ್ತಾರೆ. ಜುಮಾದ ಅಂಗಿಗೆ ಹೇಗೂ ಗಂಜಿ ತೆಗೆದಿಡ್ತೇನೆ. ಅದೇ ಬಕೆಟಿಗೆ ಇವನ್ನೂ ಅದ್ದಿ…"

ಆಕೆ ಟವೆಲಿನ ಕಪ್ಪು ಕಲೆಯನ್ನೂ ಕಾರನ್ನೂ ನೋಡಿದರು. "ನನ್ನ ಗಂಜಿಯಾ?" ಎಂದರು.

"ಬಟ್ಟೆಗೆ ಗಂಜಿ ಹಾಕುವುದು ತಪ್ಪಲ್ಲ," ಎಂದರು ಟೀಚರ್. "ಇದು ಗಂಜಿ ಹಾಕುವ ಬಟ್ಟೆಯಲ್ಲ ಅಂತ ಯಾರೂ ನಿಮಗೆ ಹೇಳಲಿಲ್ಲ. ಮಬ್ಬು ಶುರುವಾದದ್ದು ಮದ್ದು ಬದಲಾದಾಗ ಅಲ್ಲ, ಒಗೆಯುವ ಕೈ ಬದಲಾದಾಗ. ಶನಿವಾರ ಬೆಳಿಗ್ಗೆ ಟವೆಲು ಬಕೆಟಿಗೆ ಬಿದ್ದರೆ ಗಂಜಿ ಕರಗಿ ನೀರು ಕದಡ್ತದೆ. ನಿಝಾರ್ ಅದನ್ನು ಕಂಡು ನಿಜವನ್ನೇ ಹೇಳಿದ. ಮೊದಲ ಒಂದೆರಡು ಕಾರಿಗೆ ಗಂಜಿ ಹತ್ತಿ ಮುಗಿದರೆ ಮಧ್ಯಾಹ್ನಕ್ಕೆ ಟವೆಲು ಚೊಕ್ಕ. ಬಿಳಿ ಕಾರಿಗೂ ಹತ್ತಿತ್ತು, ಬಿಳಿಯ ಮೇಲೆ ಬಿಳಿ ಯಾರಿಗೆ ಕಾಣ್ತದೆ? ಶುಕ್ರವಾರ ಉಸ್ಮಾನನ ಅಂಗಿಯ ಸದ್ದು ಕೇಳಿದಾಗ ನನಗೆ ಅರ್ಧ ಅನಿಸಿತ್ತು. ಉಳಿದ ಅರ್ಧವನ್ನು ಕೇಶವಪ್ರಸಾದರ ಕರು ಹೇಳಿತು. ಅಕ್ಕಚ್ಚು ಕುಡಿದು ಬೆಳೆದ ನಾಲಿಗೆಗೆ ಅನ್ನದ ರುಚಿ ಮರೆಯುತ್ತದಾ?"

ರುಕ್ಮಯ್ಯ ತಡೆಯಲಾರದೆ ನಕ್ಕ. ಕೇಶವಪ್ರಸಾದರಿಗೂ ನಗು ಬಂತು, ಆದರೆ ಅವರು ಅದನ್ನು ಕೆಮ್ಮಾಗಿ ತಿರುಗಿಸಿದರು.

"ಜಾಗದ ವಿಷಯ ಬಿಡು ಉಸ್ಮಾನ್. ಖಾಲಿ ಮಾಡುವುದು ಬೇಡ. ಬರುವ ಶನಿವಾರ ನಾನು ಮಧ್ಯಾಹ್ನ ಬರ್ತೇನೆ, ಯಾವುದಕ್ಕೂ ಇರಲಿ."

ಉಸ್ಮಾನ್ ಅದನ್ನು ಕೇಳಿದಂತೆ ಕಾಣಲಿಲ್ಲ. ಅವನು ರಿಕ್ಷಾದ ಕಡೆ ನೋಡುತ್ತಿದ್ದ. ಎರಡು ಹೆಜ್ಜೆ ಇಟ್ಟು ನಿಂತ. ಬೈಯುವಾಗ ಸುಲಭವಾಗಿ ಬಂದ ಮಾತು ಈಗ ಬರುತ್ತಿರಲಿಲ್ಲ. ನಿಝಾರ್ ಬೇರೆ ಕಡೆ ನೋಡಿದ.

ಎದ್ದು ನಿಂತವರು ಜೈನಬಮ್ಮ.

"ಹುಕ್ರಪ್ಪಣ್ಣ, ನಿಮ್ಮ ರಿಕ್ಷಾ ಈಗ ಮೂಡುಬಿದಿರೆಗೆ ಬರ್ತದಾ?"

"ಬರ್ತದೆ ಜೈನಬಮ್ಮ."

"ಉಮ್ಮ, ನಾಳೆ ನಾನು ಹೋಗಿ…" ಎಂದ ಉಸ್ಮಾನ್.

"ನಾಳೆಗೆ ನಿನ್ನ ಬಾಯಿಗೆ ಇನ್ನೂ ನಾಲ್ಕು ಬೀಗ ಬೀಳ್ತದೆ. ಗಂಜಿ ನನ್ನದು, ಮಾತು ನಿನ್ನದು. ಇಬ್ಬರೂ ಹೋಗುವ. ನಿಝಾರ್ ನನ್ನ ಪಕ್ಕ ಕೂರ್ತಾನೆ, ನೀನು ಮುಂದೆ ಹುಕ್ರಪ್ಪಣ್ಣನ ಹತ್ತಿರ ಕೂರು."

ಟೀಚರ್ ಬರಲಿಲ್ಲ; ಅಲ್ಲಿ ಅವರಿಗೆ ಕೆಲಸವಿಲ್ಲ ಎಂದರು. ದಾರಿಯುದ್ದಕ್ಕೂ ಹಿಂದೆ ಜೈನಬಮ್ಮ ಒಬ್ಬರೇ ಮಾತಾಡಿದರು. ನನ್ನ ಸೀಟಿನ ಅಂಚಿನಲ್ಲಿ ಅರ್ಧ ಕುಳಿತ ಉಸ್ಮಾನ್ ಸಿದ್ಧಕಟ್ಟೆ ದಾಟುವ ತನಕ ರಸ್ತೆಯನ್ನೇ ನೋಡಿದ.

ಫಾಹಿಮಾ ಬಾಗಿಲು ತೆರೆದಳು. ಅತ್ತೆಯನ್ನು ಕಂಡು "ಉಮ್ಮ, ನೀವ್ಯಾಕೆ ಬಂದಿರಿ?" ಎಂದಳು. ಜೈನಬಮ್ಮ ಗಂಜಿಯ ಕತೆ ಶುರು ಮಾಡುವ ಮೊದಲೇ ಉಸ್ಮಾನ್ ಅಂಗಳದಲ್ಲಿ ನಿಂತು ಹೇಳಿದ. ನೆರೆಯವರು ಗೇಟಿನ ಹತ್ತಿರ ಬಂದು ನಿಂತಿದ್ದರು. ಅವನು ದನಿ ತಗ್ಗಿಸಲಿಲ್ಲ.

"ನಿಝಾರ್ ಒಂದು ಹನಿ ಮದ್ದನ್ನೂ ಕದ್ದವನಲ್ಲ. ನಾನು ಹೇಳಿದ್ದು ಸುಳ್ಳು. ಎಲ್ಲರ ಎದುರು ಹೇಳಿದ್ದೆ, ಎಲ್ಲರ ಎದುರು ವಾಪಸು ತೆಗೆದುಕೊಳ್ತೇನೆ."

ಫಾಹಿಮಾ ತಮ್ಮನ ಕಡೆ ತಿರುಗಿದಳು. "ನೀನು ಎಂತ ಹೇಳ್ತಿ?"

"ಶನಿವಾರದ ಮೊದಲ ಕಾರು ನಾನು ತೊಳೀಬೇಕು. ಭಾವ ಪಕ್ಕದಲ್ಲಿ ನಿಂತು ನೋಡ್ಬೇಕು," ಎಂದ ನಿಝಾರ್.

"ನೋಡ್ತೇನೆ," ಎಂದ ಉಸ್ಮಾನ್.

ಅವಳು ಒಳಗೆ ಹೋಗಿ ಎರಡು ಚೀಲ ತಂದಳು. ಹಿಂದಿನ ಸೀಟಿನಲ್ಲಿ ಜೈನಬಮ್ಮ, ಫಾಹಿಮಾ, ನಿಝಾರ್. ನನ್ನ ಪಕ್ಕದ ಅರ್ಧ ಸೀಟಿನಲ್ಲಿ ಚೀಲಗಳು. ಉಸ್ಮಾನ್ ಬಸ್ಸಿನಲ್ಲಿ ಬಂದ.